ಪೌಡರ್ ಬೀಳುವ ಸೆಕೆಂಡುಗಳು: ಗುರಾಬೊ ಮಾತ್ರೆ ಲೈನ್‌ನ ಪ್ರಕರಣ ಅಧ್ಯಯನ

2016ರ ಏಪ್ರಿಲ್ 8ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಅರ್ಜಿಗೆ ಒಪ್ಪಿಗೆ ಕೊಟ್ಟಿತು. ಅದು ಹೊಸ ಔಷಧಿಯ ಅರ್ಜಿ ಆಗಿರಲಿಲ್ಲ. ಪ್ರೆಜಿಸ್ಟಾ ಎಂಬ ಎಚ್‌ಐವಿ ಔಷಧಿ 2006ರಿಂದಲೇ ಮಾರುಕಟ್ಟೆಯಲ್ಲಿತ್ತು. ಅದರ 600 ಮಿಲಿಗ್ರಾಂ ಮಾತ್ರೆಯನ್ನು ಒಂದು ಸಲಕ್ಕೆ ಒಂದು ಕಂತು ಎಂದು ಮಾಡುವ ಬ್ಯಾಚ್ ಪದ್ಧತಿ ಬಿಟ್ಟು, ಒಂದು ಕಡೆ ಪೌಡರ್ ಬೀಳುತ್ತಾ ಇನ್ನೊಂದು ಕಡೆ ಮಾತ್ರೆ ಬರುತ್ತಲೇ ಇರುವ ಕಂಟಿನ್ಯೂಯಸ್ ಲೈನ್‌ನಲ್ಲಿ ತಯಾರಿಸುತ್ತೇವೆ ಎಂದು ಜಾನ್ಸೆನ್ ಕಂಪನಿ ಕೇಳಿತ್ತು. ಲೈನ್ ಇದ್ದದ್ದು ಪೋರ್ಟೊ ರಿಕೊ ದ್ವೀಪದ ಗುರಾಬೊ ಊರಿನಲ್ಲಿ. ಮೊದಲೇ ಒಪ್ಪಿಗೆ ಪಡೆದಿದ್ದ ಔಷಧಿಯೊಂದು ಬ್ಯಾಚ್‌ನಿಂದ ಕಂಟಿನ್ಯೂಯಸ್‌ಗೆ ಬದಲಾಗಲು ಎಫ್‌ಡಿಎ ಒಪ್ಪಿದ್ದು ಅದೇ ಮೊದಲು. ಅದಕ್ಕೂ ಮುಂಚೆ, 2015ರ ಜುಲೈನಲ್ಲಿ, ವರ್ಟೆಕ್ಸ್ ಕಂಪನಿಯ ಒರ್ಕಾಂಬಿ ಮಾತ್ರೆಗೆ ಒಪ್ಪಿಗೆ ಸಿಕ್ಕಿತ್ತು. ಆದರೆ ಅದು ಶುರುವಿನಿಂದಲೇ ಕಂಟಿನ್ಯೂಯಸ್ ಆಗಿ ಅರ್ಜಿ ಹಾಕಿದ ಔಷಧಿ.

ಆ ಸುದ್ದಿ ಬಂದಾಗ ಎಲ್ಲರೂ ಮಾತಾಡಿದ್ದು ವೇಗದ ಬಗ್ಗೆ. ಬ್ಯಾಚ್‌ನಲ್ಲಿ ಒಂದು ತಿಂಗಳು ಹಿಡಿಯುವ ಕೆಲಸ ಕಂಟಿನ್ಯೂಯಸ್‌ನಲ್ಲಿ ಕೆಲವೊಮ್ಮೆ ಒಂದೇ ದಿನದಲ್ಲಿ ಮುಗಿಯಬಹುದು ಎಂದು ಎಫ್‌ಡಿಎ ಕೂಡ ಹೇಳಿತು. ಅದು ನಿಜ. ಆದರೆ ನನ್ನ ಪ್ರಕಾರ ಈ ಪ್ರಕರಣದ ಜೀವ ಇರುವುದು ಲೈನ್‌ನ ತುದಿಯಲ್ಲಿ ಬೀಳುವ ಮಾತ್ರೆಗಳಲ್ಲಿ ಅಲ್ಲ, ಮೇಲ್ಗಡೆ ಪೌಡರ್ ಸುರಿಯುವ ಫೀಡರ್‌ಗಳಲ್ಲಿ. ಕಂಟಿನ್ಯೂಯಸ್ ಲೈನ್ ಗೆಲ್ಲುವುದೂ ಸೋಲುವುದೂ ಫೀಡರ್‌ನಿಂದಲೇ. ಅದರಲ್ಲೂ ದಿನದ ಸರಾಸರಿ ಎಷ್ಟು ಸರಿ ಬಂತು ಅನ್ನುವುದಕ್ಕಿಂತ, ಕೆಟ್ಟ ಸೆಕೆಂಡುಗಳು ಎಷ್ಟು ಕೆಟ್ಟವು, ಎಷ್ಟು ಹೊತ್ತು ಇದ್ದವು ಅನ್ನುವುದೇ ಮುಖ್ಯ. ಈ ಬರಹ ಪೂರ್ತಿ ಅದರ ಬಗ್ಗೆ.

ಮಾತ್ರೆಯೊಳಗೆ ಏನಿದೆ

ಪ್ರೆಜಿಸ್ಟಾದ ಔಷಧಾಂಶ ಡರುನಾವಿರ್. ಎಚ್‌ಐವಿಯ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ರಿಟೊನಾವಿರ್ ಜೊತೆ ಕೊಡುತ್ತಾರೆ. ಮೊದಲಿನ ಔಷಧಿಗಳು ಕೈಕೊಟ್ಟವರಿಗೆ ಇದು ದೊಡ್ಡ ಆಸರೆ. ನಮ್ಮ ದೇಶದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದ ಚಿಕಿತ್ಸೆಯಲ್ಲೂ ಡರುನಾವಿರ್ ಇದೆ. ಅಂದರೆ ಇದನ್ನು ನುಂಗುವವರ ಮುಂದೆ ಬೇರೆ ದಾರಿಗಳು ಕಡಿಮೆ. ಹಾಗಾಗಿ ಪ್ರತಿ ಮಾತ್ರೆಯಲ್ಲೂ ಸರಿಯಾದ ಪ್ರಮಾಣ ಇರಲೇಬೇಕು ಎನ್ನುವ ಮಾತು ಇಲ್ಲಿ ಬರೀ ಕಾಗದದ ನಿಯಮ ಆಗಿ ಉಳಿಯುವುದಿಲ್ಲ.

ಡರುನಾವಿರ್ ಬರುವುದು ಎಥನೋಲೇಟ್ ರೂಪದಲ್ಲಿ. ಹರಳಿನೊಳಗೆ ಎಥನಾಲ್ ಅಣುವೂ ಸೇರಿರುತ್ತದೆ. ಅಣುತೂಕದ ಲೆಕ್ಕ ಹಾಕಿದರೆ 600 ಮಿಲಿಗ್ರಾಂ ಡರುನಾವಿರ್‌ಗೆ ಸುಮಾರು 650 ಮಿಲಿಗ್ರಾಂ ಎಥನೋಲೇಟ್ ಬೇಕು. ಜೊತೆಗೆ ಇರುವುದು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಅಂದರೆ ಪ್ಲಾಂಟ್‌ನಲ್ಲಿ ಎಲ್ಲರೂ ಎಂಸಿಸಿ ಅನ್ನುವ ವಸ್ತು. ಆಮೇಲೆ ಹೊಟ್ಟೆಯಲ್ಲಿ ಮಾತ್ರೆ ಒಡೆಯಲು ಕ್ರಾಸ್‌ಪೊವಿಡೋನ್. ಪೌಡರ್ ಸರಾಗವಾಗಿ ಹರಿಯಲು ಕೊಲಾಯ್ಡಲ್ ಸಿಲಿಕಾ. ಮಾತ್ರೆ ಒತ್ತುವ ಅಚ್ಚಿಗೆ, ಅಂದರೆ ಪಂಚ್‌ಗೆ, ಅಂಟದಿರಲು ಮೆಗ್ನೀಷಿಯಂ ಸ್ಟಿಯರೇಟ್. ಪಟ್ಟಿ ಇಷ್ಟೇ. ಪೌಡರ್ ಅನ್ನು ಮೊದಲು ಹರಳುಹರಳಾಗಿ ಕಟ್ಟುವ ಗ್ರ್ಯಾನ್ಯುಲೇಶನ್ ಇಲ್ಲದೆ, ಪೌಡರ್‌ಗಳನ್ನು ಬೆರೆಸಿ ನೇರವಾಗಿ ಒತ್ತುವ ಡೈರೆಕ್ಟ್ ಕಂಪ್ರೆಶನ್ ಮಾತ್ರೆ ಇದು.

ಕಂಟಿನ್ಯೂಯಸ್‌ಗೆ ಇದನ್ನು ಆರಿಸಿದ್ದು ಜಾಣತನ ಅಂತ ನನಗೆ ಅನಿಸುತ್ತದೆ. ಪದಾರ್ಥಗಳು ಕಡಿಮೆ, ನೀರು ಇಲ್ಲ, ಒಣಗಿಸುವ ಹಂತ ಇಲ್ಲ, ಔಷಧಾಂಶದ ಪಾಲು ದೊಡ್ಡದು. ಈ ಕೊನೆಯ ಅಂಶದ ಬೆಲೆ ಮುಂದೆ ಲೆಕ್ಕ ಹಾಕುವಾಗ ಗೊತ್ತಾಗುತ್ತದೆ.

ತೂಕ ಮಾಡುವವರು ಯಾರು?

ಬ್ಯಾಚ್ ಪದ್ಧತಿ ನಮ್ಮವರಿಗೆ ಚೆನ್ನಾಗಿ ಗೊತ್ತು. ಡಿಸ್ಪೆನ್ಸಿಂಗ್ ಕೋಣೆಯಲ್ಲಿ ಒಂದೊಂದೇ ಪದಾರ್ಥವನ್ನು ತಕ್ಕಡಿ ಮೇಲಿಟ್ಟು ತೂಗುತ್ತಾರೆ. ತೂಗಿದವರ ಸಹಿ, ನೋಡಿದವರ ಸಹಿ. ಎಲ್ಲವೂ ಬ್ಲೆಂಡರ್‌ಗೆ ಹೋಗುತ್ತದೆ. ಇಲ್ಲಿ ತೂಕ ತಪ್ಪುವುದು ಅಪರೂಪ. ಭಯ ಇರುವುದು ಸರಿಯಾಗಿ ಬೆರೆಯಿತಾ, ಬೆರೆತದ್ದು ಡ್ರಮ್‌ನಿಂದ ಮಾತ್ರೆ ಒತ್ತುವ ಪ್ರೆಸ್‌ಗೆ ಹೋಗುವಷ್ಟರಲ್ಲಿ ಮತ್ತೆ ಬೇರೆಯಾಯಿತಾ ಅನ್ನುವುದರ ಬಗ್ಗೆ.

ಕಂಟಿನ್ಯೂಯಸ್ ಲೈನ್‌ನಲ್ಲಿ ಆ ತಕ್ಕಡಿಯೂ ಇಲ್ಲ, ಆ ಸಹಿಗಳೂ ಇಲ್ಲ. ಲೈನ್‌ನ ಮೇಲ್ಗಡೆ ಫೀಡರ್‌ಗಳು ಸಾಲಾಗಿ ಕೂತಿರುತ್ತವೆ. ಒಂದೊಂದೂ ತನ್ನ ಪೌಡರ್ ಅನ್ನು ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಬಿಡುತ್ತಲೇ ಇರುತ್ತದೆ. ಕೆಳಗೆ ಒಂದು ಸಣ್ಣ ಬ್ಲೆಂಡರ್ ಬೆರೆಸುತ್ತಾ ಮುಂದೆ ತಳ್ಳುತ್ತದೆ. ಅಲ್ಲಿಂದ ಟ್ಯಾಬ್ಲೆಟ್ ಪ್ರೆಸ್. ಮಾತ್ರೆಯ ಫಾರ್ಮುಲಾ ಅಂದರೆ ಫೀಡರ್‌ಗಳ ಹರಿವಿನ ಅನುಪಾತವೇ.

ಹಾಗಿದ್ದರೆ ಫೀಡರ್ ತಪ್ಪಿದರೆ ಮುಂದಿನ ಯಂತ್ರ ತಿದ್ದುತ್ತದಾ? ಇಲ್ಲ. ಬ್ಲೆಂಡರ್ ತನ್ನೊಳಗೆ ಇರುವುದನ್ನು ಮಾತ್ರ ಕಲಸಬಲ್ಲದು. ಬೀಳದೇ ಇದ್ದ ಔಷಧಿಯನ್ನು ಎಲ್ಲಿಂದ ತರುತ್ತದೆ? ಪ್ರೆಸ್ ನೋಡುವುದು ಮಾತ್ರೆಯ ತೂಕ, ದಪ್ಪ, ಒತ್ತುವ ಬಲ. ಔಷಧಿ ಎಷ್ಟು, ಎಂಸಿಸಿ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ತೂಕ ಅಚ್ಚುಕಟ್ಟಾಗಿ ಬಂದ ಮಾತ್ರೆಯಲ್ಲೂ ಔಷಧಿ ಹೆಚ್ಚುಕಮ್ಮಿ ಇರಬಹುದು. ಈ ಅಪಾಯವನ್ನು ತಡೆಯುವ ಮೊದಲ ಜಾಗ ಫೀಡರ್.

ತೂಕ ಇಳಿಯುವುದನ್ನು ನೋಡುವ ಯಂತ್ರ

ಇಲ್ಲಿ ಬಳಸುವುದು ಲಾಸ್ ಇನ್ ವೇಟ್ ಫೀಡರ್. ಪ್ಲಾಸ್ಟಿಕ್ ಮತ್ತು ಆಹಾರ ಉದ್ಯಮದಲ್ಲಿ ಇದು ಹಳೆಯದು. ಮೇಲೊಂದು ಹಾಪರ್, ಒಳಗೆ ಪೌಡರ್ ಕಟ್ಟಿಕೊಳ್ಳದಂತೆ ತಿರುಗುವ ಅಜಿಟೇಟರ್, ಕೆಳಗೆ ಜೋಡಿ ಸ್ಕ್ರೂ. ಇಷ್ಟೂ ಲೋಡ್ ಸೆಲ್ ಎಂಬ ತೂಕ ಅಳೆಯುವ ಸೆನ್ಸರ್ ಮೇಲೆ ಕೂತಿರುತ್ತದೆ. ಸ್ಕ್ರೂ ಪೌಡರ್ ಹೊರತಳ್ಳಿದಂತೆ ಒಟ್ಟು ತೂಕ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಇಳಿಯಿತು ಎಂದು ಕಂಟ್ರೋಲರ್ ನೋಡುತ್ತದೆ. ಕಡಿಮೆ ಇಳಿದರೆ ಸ್ಕ್ರೂ ಜೋರು ಮಾಡುತ್ತದೆ, ಜಾಸ್ತಿ ಇಳಿದರೆ ನಿಧಾನ ಮಾಡುತ್ತದೆ.

ಕೇಳಲು ಸುಲಭ. ಆದರೆ ಲೋಡ್ ಸೆಲ್ ಮೇಲೆ ಇರುವುದು ಪೌಡರ್ ಒಂದೇ ಅಲ್ಲವಲ್ಲ. ಮೋಟಾರ್, ಗೇರ್ ಬಾಕ್ಸ್, ಸ್ಟೀಲ್ ಹಾಪರ್ ಎಲ್ಲವೂ ಸೇರಿ ಹತ್ತಾರು ಕಿಲೋ ಭಾರ. ಅದರಲ್ಲಿ ಸೆಕೆಂಡಿಗೆ ಕೆಲವು ಗ್ರಾಂ, ಕೆಲವು ಸಲ ಗ್ರಾಂನ ಹತ್ತರಲ್ಲಿ ಒಂದು ಭಾಗ ಇಳಿಯುವುದನ್ನು ಕಂಡುಹಿಡಿಯಬೇಕು. ಎಸಿಯ ಗಾಳಿ ಸೀದಾ ಹಾಪರ್‌ಗೆ ಹೊಡೆದರೂ ತೂಕ ಅಲುಗುತ್ತದೆ. ಯಾರಾದರೂ ಸುಮ್ನೆ ಕೈ ಊರಿದರೂ ಅಲುಗುತ್ತದೆ. ಪಕ್ಕದ ಪ್ರೆಸ್‌ನ ನಡುಕವೂ ಬರುತ್ತದೆ. ಅದಕ್ಕೇ ಒಳ್ಳೆಯ ಕಂಟ್ರೋಲರ್ ತೂಕದಲ್ಲಿ ಹಠಾತ್ ಜಿಗಿತ ಕಂಡರೆ ಅದನ್ನು ನಂಬುವುದಿಲ್ಲ. ಸ್ಕ್ರೂ ವೇಗ ಹಾಗೇ ಹಿಡಿದುಕೊಂಡು, ತೂಕ ಸಹಜವಾಗುವವರೆಗೆ ಕಾಯುತ್ತದೆ.

ಗಾಳಿ ಹೊರಹೋಗುವ ಫಿಲ್ಟರ್ ಕಟ್ಟಿಕೊಂಡರೆ ಆಗುವ ತೊಂದರೆ ಇನ್ನೂ ಸೂಕ್ಷ್ಮ. ಹಾಪರ್ ಮೇಲೆ ಪೌಡರ್ ಮತ್ತೆ ತುಂಬುವ ರೀಫಿಲ್ ವಾಲ್ವ್ ಇರುತ್ತದೆ, ನಡುವೆ ಎರಡನ್ನೂ ಸೇರಿಸುವ ಮೆತ್ತನೆಯ ತೋಳು, ಅಂದರೆ ಬೂಟ್. ಫಿಲ್ಟರ್ ಕಟ್ಟಿಕೊಂಡಾಗ ಹಾಪರ್ ಒಳಗೆ ಒತ್ತಡ ನಿಧಾನವಾಗಿ ಏರುತ್ತದೆ. ಮೇಲಿನ ವಾಲ್ವ್ ಅಲುಗುವುದಿಲ್ಲ, ಹಾಗಾಗಿ ಹಾಪರ್ ಕೆಳಕ್ಕೆ ಒತ್ತಿಸಿಕೊಳ್ಳುತ್ತದೆ. ಲೋಡ್ ಸೆಲ್‌ಗೆ ಅದು ತೂಕದಂತೆ ಕಾಣುತ್ತದೆ. ಪೌಡರ್ ಸಾಲದಷ್ಟು ಹೋಗುತ್ತಿದೆ ಎಂದು ಕಂಟ್ರೋಲರ್ ತಿಳಿದು ಸ್ಕ್ರೂ ಜೋರು ಮಾಡುತ್ತದೆ. ಪರದೆ ಮೇಲೆ ಸೆಟ್ ಪಾಯಿಂಟ್‌ಗೂ, ಅಂದರೆ ಇರಬೇಕಾದ ಹರಿವಿಗೂ, ತೋರಿಸುವ ಹರಿವಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಕೆಳಗೆ ಮಾತ್ರ ಪೌಡರ್ ಜಾಸ್ತಿ ಬೀಳುತ್ತಿರುತ್ತದೆ. ಫೀಡರ್ ಹೇಳುವ ಅಂಕಿ ಫೀಡರ್‌ನದೇ ಸಾಕ್ಷಿ ಅನ್ನುವುದನ್ನು ಈ ಕೆಲಸ ಮಾಡುವವರು ಯಾವತ್ತೂ ಮರೆಯಬಾರದು.

ಈ ಪಾಠವನ್ನು ಕ್ರಮಬದ್ಧವಾಗಿ ಮಾಡಿ ತೋರಿಸಿದ್ದು ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ಅಲ್ಲಿ ಒಂದು ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಶುರುವಾಯಿತು. ಫರ್ನಾಂಡೊ ಮುಜಿಯೊ ಅದರ ಮುಖ್ಯಸ್ಥರಾಗಿದ್ದರು. ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಮಾಯಾಗ್ವೆಸ್ ಕ್ಯಾಂಪಸ್ ಕೂಡ ಪಾಲುದಾರ. ಗುರಾಬೊ ಲೈನ್‌ಗಾಗಿ ಜಾನ್ಸೆನ್ ಕೈಜೋಡಿಸಿದ್ದು ಈ ಗುಂಪಿನ ಜೊತೆಗೇ. 2012ರಲ್ಲಿ ವಿಲಿಯಂ ಎಂಗಿಶ್ ಮತ್ತು ಮುಜಿಯೊ ಫೀಡರ್ ಪರೀಕ್ಷಿಸುವ ಒಂದು ವಿಧಾನ ಪ್ರಕಟಿಸಿದರು. ವಿಧಾನ ತುಂಬಾ ಸರಳ. ಫೀಡರ್ ಬಾಯಿ ಕೆಳಗೆ ಇನ್ನೊಂದು ತಕ್ಕಡಿ ಇಡಿ. ಬಿದ್ದ ಪೌಡರ್‌ನ ತೂಕವನ್ನು ಸತತವಾಗಿ ಬರೆದುಕೊಳ್ಳಿ. ಫೀಡರ್ ಹೇಳಿದ್ದನ್ನು ಬಿಟ್ಟು, ತಕ್ಕಡಿ ಹೇಳಿದ್ದರಲ್ಲಿ ಏರಿಳಿತ ಎಷ್ಟು ಎಂದು ನೋಡಿ. ಸ್ಕ್ರೂ ಬದಲಿಸಿ, ಬಾಯಿಯ ಜಾಲರಿ ಬದಲಿಸಿ, ಮತ್ತೆ ನೋಡಿ. ಯಾವ ಪೌಡರ್‌ಗೆ ಯಾವ ಜೋಡಿ ಸರಿ ಎಂದು ಆಗ ಗೊತ್ತಾಗುತ್ತದೆ. ಯಾವ ಕಂಪನಿಯ ಕ್ಯಾಟಲಾಗ್‌ನಲ್ಲೂ ಅದು ಸಿಗುವುದಿಲ್ಲ.

ಕ್ಯಾಟಲಾಗ್‌ನ ನಿಖರತೆ ಅಂಕಿ ಹಲವು ಸಲ ಒಂದು ನಿಮಿಷದ ಮಾದರಿಗಳ ಮೇಲೆ ಕೊಟ್ಟಿದ್ದು. ಒಂದು ನಿಮಿಷದಲ್ಲಿ ಮೊದಲ ಅರ್ಧ ಜಾಸ್ತಿ, ಉಳಿದರ್ಧ ಕಡಿಮೆ ಬಿದ್ದರೂ ಸರಾಸರಿ ಚೆನ್ನಾಗೇ ಬರುತ್ತದೆ. ಪ್ರೆಸ್ ಆ ನಿಮಿಷದಲ್ಲಿ ನೂರಾರು ಮಾತ್ರೆ ಒತ್ತಿರುತ್ತದೆ. ರೋಗಿ ನುಂಗುವುದು ಸರಾಸರಿ ಮಾತ್ರೆಯನ್ನಲ್ಲ, ಅಲ್ವಾ?

ಕುರುಡಾಗುವ ಹೊತ್ತು

ಹಾಪರ್ ಖಾಲಿಯಾಗುತ್ತಾ ಬಂದಾಗ ಮೇಲಿನಿಂದ ತುಂಬಲೇಬೇಕು. ರೀಫಿಲ್ ಆಗುವಾಗ ತೂಕ ಏರುತ್ತದೆ. ಇಳಿಯುವ ತೂಕವನ್ನು ನೋಡಿ ನಡೆಯುವ ಯಂತ್ರಕ್ಕೆ ಆಗ ಏನೂ ಕಾಣುವುದಿಲ್ಲ. ಆದ್ದರಿಂದ ಅದು ಸ್ಕ್ರೂ ವೇಗವನ್ನು ಹಿಂದೆ ಇದ್ದಲ್ಲೇ ಕಟ್ಟಿಹಾಕಿ ಕಾಯುತ್ತದೆ. ಆ ಹೊತ್ತಿನಲ್ಲಿ ಫೀಡರ್ ತೂಗುತ್ತಿಲ್ಲ, ಬರೀ ತಿರುಗುತ್ತಿದೆ.

ವೇಗ ಅದೇ ಇದ್ದರೆ ಹರಿವೂ ಅದೇ ಇರಬೇಕಲ್ಲ ಎಂದು ಕೇಳಬಹುದು. ಇರುವುದಿಲ್ಲ. ರಾಗಿ ಹಿಟ್ಟನ್ನು ಪಾವಿಗೆ ಹಗುರವಾಗಿ ಸುರಿದು ಅಳೆದರೆ ಒಂದು ತೂಕ, ಪಾವನ್ನು ನೆಲಕ್ಕೆ ಕುಟ್ಟಿ ಅಳೆದರೆ ಇನ್ನೊಂದು ತೂಕ ಬರುತ್ತದೆ. ಹಾಪರ್‌ನಲ್ಲೂ ಇದೇ ಕತೆ. ಖಾಲಿಯಾಗುತ್ತಿರುವ ಹಾಪರ್‌ನಲ್ಲಿ ಸ್ಕ್ರೂ ಬಳಿಯ ಪೌಡರ್ ಸಡಿಲ. ಒಂದು ಸುತ್ತಿಗೆ ಕಡಿಮೆ ಗ್ರಾಂ ಹೋಗುತ್ತದೆ. ಅದಕ್ಕೆ ಕಂಟ್ರೋಲರ್ ಸ್ಕ್ರೂವನ್ನು ಜೋರಾಗಿ ಓಡಿಸುತ್ತಿರುತ್ತದೆ. ಆಗಲೇ ಮೇಲಿನಿಂದ ಹೊಸ ಪೌಡರ್ ದಬದಬ ಬೀಳುತ್ತದೆ. ಅದರ ಭಾರಕ್ಕೆ ಕೆಳಗಿನದು ಒತ್ತಿಕೊಳ್ಳುತ್ತದೆ. ಸ್ಕ್ರೂ ಹಳೆಯ ಜೋರಿನಲ್ಲೇ ತಿರುಗುತ್ತಿದೆ, ಆದರೆ ಪ್ರತಿ ಸುತ್ತಿಗೂ ಜಾಸ್ತಿ ಗ್ರಾಂ ಹೋಗುತ್ತಿದೆ. ರೀಫಿಲ್ ಮುಗಿದು ಕಂಟ್ರೋಲರ್ ಮತ್ತೆ ಕಣ್ಣು ಬಿಡುವವರೆಗೆ ಇದು ನಡೆಯುತ್ತದೆ.

ಇದರ ಪರಿಣಾಮ ಎಷ್ಟು? ಒಂದು ಲೆಕ್ಕ ಮಾಡೋಣ. ಇದು ಗುರಾಬೊದ ಅಂಕಿ ಅಲ್ಲ, ತಿಳಿಯಲು ಹಾಕಿಕೊಂಡ ಲೆಕ್ಕ. ಲೈನ್ ಗಂಟೆಗೆ 30 ಕಿಲೋ ಓಡುತ್ತಿದೆ. ಮಿಶ್ರಣದಲ್ಲಿ ಅರ್ಧ ಔಷಧಿ. ಮಾತ್ರೆ 1.25 ಗ್ರಾಂ. ಹಾಗಾದರೆ ಸೆಕೆಂಡಿಗೆ 8.3 ಗ್ರಾಂ ಮಿಶ್ರಣ, ಹೆಚ್ಚುಕಮ್ಮಿ 7 ಮಾತ್ರೆ, ಗಂಟೆಗೆ 24,000 ಮಾತ್ರೆ. ಔಷಧಿಯ ಫೀಡರ್ ಸೆಕೆಂಡಿಗೆ 4.2 ಗ್ರಾಂ ಬಿಡಬೇಕು. ರೀಫಿಲ್‌ಗೆ 20 ಸೆಕೆಂಡು. ಆ ಹೊತ್ತಿನಲ್ಲಿ ಶೇ 5ರಷ್ಟು ಜಾಸ್ತಿ ಬಿತ್ತು ಅಂದುಕೊಳ್ಳಿ.

ಮಾತ್ರೆಯಲ್ಲೂ ಶೇ 5 ಜಾಸ್ತಿ ಆಗುತ್ತದಾ? ಆಗುವುದಿಲ್ಲ. ಪ್ರೆಸ್ ಮಾತ್ರೆಯ ತೂಕವನ್ನು ಅಷ್ಟೇ ಇಡುತ್ತದೆ. ಔಷಧಿ 50ರ ಬದಲು 52.5 ಭಾಗ ಬಿದ್ದರೆ ಒಟ್ಟು 102.5 ಭಾಗ ಆಗುತ್ತದೆ. ಪಾಲು ಶೇ 51.2. ಅಂದರೆ ಮಾತ್ರೆಯಲ್ಲಿ ಔಷಧಿ ಏರಿದ್ದು ಶೇ 2.4 ಮಾತ್ರ. ದೊಡ್ಡ ಪಾಲಿನ ಔಷಧಿ ತಪ್ಪನ್ನು ಅರ್ಧ ಮಾಡಿ ತೋರಿಸುತ್ತದೆ. ಪ್ರೆಜಿಸ್ಟಾದಂಥ ಮಾತ್ರೆ ಈ ಕೆಲಸಕ್ಕೆ ಜಾಣ ಆಯ್ಕೆ ಅಂದಿದ್ದು ಇದಕ್ಕೇ.

ಇನ್ನು ಬ್ಲೆಂಡರ್. ಪೌಡರ್ ಅದರೊಳಗೆ ಸರಾಸರಿ 60 ಸೆಕೆಂಡು ಇರುತ್ತದೆ, ಒಳಗೆ ಚೆನ್ನಾಗಿ ಹಿಂದುಮುಂದಾಗಿ ಬೆರೆಯುತ್ತದೆ ಅಂದುಕೊಂಡರೆ, 20 ಸೆಕೆಂಡಿನ ತಪ್ಪಿನಲ್ಲಿ ಹೊರಗೆ ಕಾಣುವುದು ಗರಿಷ್ಠ ಶೇ 28 ಭಾಗ. 2.4 ಇದ್ದದ್ದು 0.7ಕ್ಕೆ ಇಳಿಯಿತು. ಅದೇ ತಪ್ಪು ಒಂದು ನಿಮಿಷ ಮುಂದುವರಿದರೆ ಶೇ 63 ಭಾಗ ಕಾಣುತ್ತದೆ, ಅಂದರೆ 1.5. ಎರಡು ನಿಮಿಷ ಆದರೆ 2.1. ಚಿಕ್ಕ ತಪ್ಪು ತುಂಬಾ ಹೊತ್ತು ಇದ್ದರೂ ಕಷ್ಟ, ದೊಡ್ಡ ತಪ್ಪು ಒಂದೆರಡು ಸೆಕೆಂಡು ಇದ್ದರೆ ಪರವಾಗಿಲ್ಲ. ಎಷ್ಟು ತಪ್ಪು ಎಂದಷ್ಟೇ ಕೇಳದೆ, ಎಷ್ಟು ತಪ್ಪು ಎಷ್ಟು ಹೊತ್ತು ಎಂದು ಕೇಳಬೇಕಾದದ್ದು ಇದಕ್ಕೆ. ಫೀಡರ್‌ನ ಅಲಾರಂ ಮಿತಿಗಳನ್ನು ಕೂರಿಸಬೇಕಾದದ್ದೂ ಈ ಎರಡನ್ನೂ ಸೇರಿಸಿ. ಸುಮ್ನೆ ಪ್ಲಸ್ ಮೈನಸ್ ಶೇ 5 ಎಂದು ಬರೆದಿಟ್ಟರೆ ಬೇಡದ ಕಡೆ ಲೈನ್ ನಿಲ್ಲುತ್ತದೆ, ನಿಲ್ಲಬೇಕಾದ ಕಡೆ ಓಡುತ್ತದೆ.

ಈಗ ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ. ಗಂಟೆಗೆ 15 ಕಿಲೋ ಔಷಧಿ ಬಿಡುವ ಫೀಡರ್‌ಗೆ ಒಂದು ಸಲಕ್ಕೆ 2 ಕಿಲೋ ತುಂಬಿದರೆ 8 ನಿಮಿಷಕ್ಕೊಮ್ಮೆ ರೀಫಿಲ್. ಒಂದಕ್ಕೆ 20 ಸೆಕೆಂಡು. ಅದರ ಬದಲು ಅರ್ಧ ಕಿಲೋ ತುಂಬಿದರೆ 2 ನಿಮಿಷಕ್ಕೊಮ್ಮೆ ರೀಫಿಲ್, ಒಂದಕ್ಕೆ 5 ಸೆಕೆಂಡು. ಎರಡರಲ್ಲೂ ಫೀಡರ್ ಕುರುಡಾಗಿರುವ ಒಟ್ಟು ಹೊತ್ತು ಒಂದೇ, ಶೇ 4ರಷ್ಟು. ಆದರೆ 5 ಸೆಕೆಂಡಿನ ತಪ್ಪನ್ನು ಬ್ಲೆಂಡರ್ ಹೆಚ್ಚುಕಮ್ಮಿ ನುಂಗಿಬಿಡುತ್ತದೆ. ಹಿಂದಿನ 2.4 ಈಗ 0.2ರ ಆಸುಪಾಸಿಗೆ ಬರುತ್ತದೆ. ಜೊತೆಗೆ ಹಾಪರ್ ಯಾವಾಗಲೂ ಸುಮಾರಾಗಿ ತುಂಬಿರುವುದರಿಂದ ಪೌಡರ್‌ನ ಸಾಂದ್ರತೆಯೇ ಅಷ್ಟು ಬದಲಾಗುವುದಿಲ್ಲ. ಆ ಶೇ 5 ಕೂಡ ಕಡಿಮೆಯಾಗುತ್ತದೆ. ಹಾಪರ್ ಪೂರ್ತಿ ಇಳಿಯಲು ಬಿಡದೆ, ಮೇಲ್ಮಟ್ಟದಲ್ಲೇ, ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ತುಂಬಿ ಎಂದು ಎಂಗಿಶ್ ಮತ್ತು ಮುಜಿಯೊ 2015ರಲ್ಲಿ ರೀಫಿಲ್ ಕುರಿತ ಪ್ರಯೋಗಗಳಿಂದ ತೋರಿಸಿದ್ದೂ ಇದನ್ನೇ.

ಬ್ಯಾಚ್‌ನಲ್ಲಿ ಬೆಳೆದ ನಮ್ಮಂಥವರಿಗೆ ಇದು ಮೊದಲಿಗೆ ಒಗ್ಗುವುದಿಲ್ಲ. ಒಂದೇ ಸಲ ತುಂಬಿಟ್ಟರೆ ಕೆಲಸ ಕಡಿಮೆ, ಮತ್ತೆ ಮತ್ತೆ ಮುಟ್ಟಿದರೆ ತಪ್ಪಿಗೆ ದಾರಿ ಎಂದು ನಮ್ಮ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಅದು ತಿರುಗಿಬೀಳುತ್ತದೆ.

ಇನ್ನೊಂದು ಉಪಾಯ ಕಂಟ್ರೋಲರ್ ಒಳಗಿದೆ. ಹಾಪರ್ ಯಾವ ಮಟ್ಟದಲ್ಲಿದ್ದಾಗ ಒಂದು ಸುತ್ತಿಗೆ ಎಷ್ಟು ಗ್ರಾಂ ಹೋಗಿತ್ತು ಎಂದು ಅದು ಓಡುತ್ತಾ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ರೀಫಿಲ್‌ನಲ್ಲಿ ಮಟ್ಟ ಏರಿದಂತೆ ಆ ನೆನಪಿನ ಪ್ರಕಾರ ಸ್ಕ್ರೂ ನಿಧಾನ ಮಾಡುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪೌಡರ್‌ನ ಲಾಟ್, ಅಂದರೆ ಒಟ್ಟಿಗೆ ತಯಾರಾಗಿ ಬಂದ ಕಂತು, ಬದಲಾದರೆ ಹಳೆಯ ನೆನಪು ಹೊಸ ಪೌಡರ್‌ಗೆ ಹೊಂದದೇ ಹೋಗಬಹುದು. ಕಣ ಸ್ವಲ್ಪ ಸಣ್ಣದಾದರೂ ಪೌಡರ್ ಕೂರುವ ರೀತಿ ಬೇರೆಯಾಗುತ್ತದೆ. ಲಾಟ್ ಬದಲಾದ ಮೇಲಿನ ಮೊದಲ ಕೆಲವು ರೀಫಿಲ್‌ಗಳನ್ನು ಆಪರೇಟರ್ ಪಕ್ಕದಲ್ಲೇ ನಿಂತು ನೋಡುವುದು ಒಳ್ಳೆಯದು.

ಅರ್ಧ ಗ್ರಾಂ ಸ್ಟಿಯರೇಟ್

ಔಷಧಿಯ ಫೀಡರ್‌ಗಿಂತ ನನಗೆ ಜಾಸ್ತಿ ಚಿಂತೆ ಮೆಗ್ನೀಷಿಯಂ ಸ್ಟಿಯರೇಟ್‌ನದು. ಅದೇ ಲೆಕ್ಕದ ಲೈನ್‌ನಲ್ಲಿ ಅದು ಶೇ 1 ಇದ್ದರೆ ಗಂಟೆಗೆ 300 ಗ್ರಾಂ, ಸೆಕೆಂಡಿಗೆ 0.083 ಗ್ರಾಂ. ಬೆಣ್ಣೆಯ ನುಣುಪಿನ, ಮುಟ್ಟಿದಲ್ಲೆಲ್ಲ ಮೆತ್ತಿಕೊಳ್ಳುವ ಪೌಡರ್. ಸ್ಕ್ರೂ ತುದಿಯಲ್ಲಿ ಅದು ಗಡ್ಡದಂತೆ ಬೆಳೆಯುತ್ತಾ ಹೋಗುತ್ತದೆ. ಆಮೇಲೆ ಉದುರುತ್ತದೆ. ಆ ಗಡ್ಡ ಅರ್ಧ ಗ್ರಾಂ ಇದ್ದರೆ ಅದು 6 ಸೆಕೆಂಡಿನ ಹರಿವು. ಅದು ಕಟ್ಟಿಕೊಳ್ಳುವಾಗ 50 ಗ್ರಾಂ ಮಿಶ್ರಣ ಸ್ಟಿಯರೇಟ್ ಇಲ್ಲದೆ ಹೋಯಿತು. ಉದುರಿದ ಸೆಕೆಂಡಿನಲ್ಲಿ ಶೇ 1 ಇರಬೇಕಾದ್ದು ಶೇ 7 ಆಯಿತು.

ಲೋಡ್ ಸೆಲ್‌ಗೆ ಇದು ಕಾಣುತ್ತದಾ? ಗಡ್ಡ ಸ್ಕ್ರೂಗೇ ಅಂಟಿಕೊಂಡಿದ್ದರೆ ತೂಕ ಇಳಿದಿಲ್ಲ ಎಂದಾದರೂ ಗೊತ್ತಾಗುತ್ತದೆ. ಸ್ಕ್ರೂ ದಾಟಿ, ಬ್ಲೆಂಡರ್‌ಗೆ ಪೌಡರ್ ಇಳಿಸುವ ಕೊಳವೆಗೆ, ಅಂದರೆ ಚ್ಯೂಟ್‌ಗೆ, ಅಂಟಿದ್ದರೆ ಅದೂ ಇಲ್ಲ. ಫೀಡರ್ ಲೆಕ್ಕದಲ್ಲಿ ಪೌಡರ್ ಹೋಗಿದೆ. ಬ್ಲೆಂಡರ್ ಲೆಕ್ಕದಲ್ಲಿ ಬಂದಿಲ್ಲ. ಒಣ ಗಾಳಿಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡರೆ ಅಂಟುವುದು ಇನ್ನೂ ಜಾಸ್ತಿ. ಆದ್ದರಿಂದ ಚ್ಯೂಟ್ ಆದಷ್ಟು ಚಿಕ್ಕದಿರಬೇಕು, ನೇರ ಇರಬೇಕು, ಅರ್ಥಿಂಗ್ ಸರಿಯಿರಬೇಕು. ಫೀಡರ್‌ನ ಬಾಯಿ ಆಪರೇಟರ್‌ನ ಕಣ್ಣಿಗೆ ಕಾಣುವಂತಿರಬೇಕು. ಗಾಜಿನ ಒಂದು ಸಣ್ಣ ಕಿಟಕಿ ಹಲವು ಸೆನ್ಸರ್‌ಗಳಿಗಿಂತ ಮೇಲು.

ಸ್ಟಿಯರೇಟ್ ಕಡಿಮೆಯಾದರೆ ಮಾತ್ರೆ ಪಂಚ್‌ಗೆ ಅಂಟುತ್ತದೆ, ಹೊರತಳ್ಳುವ ಬಲ ಏರುತ್ತದೆ. ಜಾಸ್ತಿಯಾದರೆ ಮಾತ್ರೆ ಮೆತ್ತಗಾಗುತ್ತದೆ, ನೀರನ್ನು ದೂರ ಇಡುವ ಪದರ ಕೂತು ನಿಧಾನ ಕರಗುತ್ತದೆ. ಎರಡೂ ಔಷಧಾಂಶದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಸಿಲಿಕಾದ ತೊಂದರೆ ಬೇರೆ. ಅದು ಎಷ್ಟು ಹಗುರ ಎಂದರೆ ಹಾಪರ್‌ನಲ್ಲಿ ಕೂರುವುದೇ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಅದನ್ನು ಎಂಸಿಸಿ ಅಥವಾ ಔಷಧಿ ಜೊತೆ ಮೊದಲೇ ಬೆರೆಸಿ ಕೊಡುತ್ತಾರೆ. ಫೀಡರ್ ಒಂದು ಕಡಿಮೆಯಾದರೆ ತಪ್ಪುವ ಜಾಗವೂ ಒಂದು ಕಡಿಮೆ.

ತಪ್ಪಿದ ಪೌಡರ್ ಎಲ್ಲಿದೆ?

ಒಂದೂ ತಪ್ಪದ ಫೀಡರ್ ಇಲ್ಲ. ತಪ್ಪಿದಾಗ ಆ ಪೌಡರ್ ಈಗ ಲೈನ್‌ನಲ್ಲಿ ಎಲ್ಲಿದೆ ಎಂದು ಹೇಳಲು ಬರಬೇಕು. ಪೌಡರ್ ಲೈನ್‌ನಲ್ಲಿ ಎಷ್ಟು ಹೊತ್ತು ಇರುತ್ತದೆ, ಎಷ್ಟು ಹರಡಿಕೊಳ್ಳುತ್ತದೆ ಅನ್ನುವುದನ್ನು ಮೊದಲೇ ಅಳೆದಿಟ್ಟಿರಬೇಕು. ಹೆಸರಿಗೆ ರೆಸಿಡೆನ್ಸ್ ಟೈಮ್ ಡಿಸ್ಟ್ರಿಬ್ಯೂಶನ್. ನಮ್ಮ ಲೆಕ್ಕದ ಬ್ಲೆಂಡರ್‌ನಲ್ಲಿ ತಪ್ಪಿದ ಪೌಡರ್‌ನ ಶೇ 95 ಹೊರಹೋಗಲು 3 ನಿಮಿಷ ಬೇಕು. ಅಷ್ಟರಲ್ಲಿ 1,200 ಮಾತ್ರೆ ಒತ್ತಿ ಆಗಿರುತ್ತದೆ. ಅವನ್ನು ಪ್ರೆಸ್ ಬಾಯಲ್ಲೇ ಬೇರೆ ಡಬ್ಬಿಗೆ ತಿರುಗಿಸಬೇಕು. 20 ಸೆಕೆಂಡಿನ ತಪ್ಪಿಗೆ ಬೆಲೆ ಇಷ್ಟು. ಪ್ರೆಸ್‌ನ ಅಚ್ಚುಗಳಿಗೆ ಪೌಡರ್ ತುಂಬುವ ಫೀಡ್ ಫ್ರೇಮ್‌ನಲ್ಲಿ, ಬೆಳಕಿನಿಂದ ಮಿಶ್ರಣವನ್ನು ಅಳೆಯುವ ನಿಯರ್ ಇನ್‌ಫ್ರಾರೆಡ್ ಪ್ರೋಬ್ ಇಟ್ಟರೆ ಮಿಶ್ರಣದ ಔಷಧಾಂಶ ಕೆಲವು ಸೆಕೆಂಡಿಗೊಮ್ಮೆ ಕಾಣುತ್ತದೆ. ಫೀಡರ್ ಹೇಳಿದ್ದಕ್ಕೆ ಅದು ಎರಡನೇ ಸಾಕ್ಷಿ.

ನಿಲ್ಲದೆ ಓಡುವ ಲೈನ್‌ನಲ್ಲಿ ಬ್ಯಾಚ್ ಅಂದರೆ ಏನು ಎಂಬ ಪ್ರಶ್ನೆಯೂ ಕಾನೂನಿನ ಅಡ್ಡಿ ಆಗಲಿಲ್ಲ. ಇಷ್ಟು ಹೊತ್ತಿನಲ್ಲಿ ಅಥವಾ ಇಷ್ಟು ಪ್ರಮಾಣದಲ್ಲಿ ತಯಾರಾದದ್ದನ್ನು ಒಂದು ಲಾಟ್ ಎಂದು ಕರೆಯಲು ಅಮೆರಿಕದ ನಿಯಮದಲ್ಲಿ ಮೊದಲಿಂದಲೇ ಜಾಗ ಇತ್ತು. 2019ರ ಫೆಬ್ರುವರಿಯಲ್ಲಿ ಎಫ್‌ಡಿಎ ಕಂಟಿನ್ಯೂಯಸ್ ತಯಾರಿಕೆಯ ಕರಡು ಮಾರ್ಗಸೂಚಿ ತಂದಿತು. 2022ರ ನವೆಂಬರ್‌ನಲ್ಲಿ, ಔಷಧ ನಿಯಮಗಳನ್ನು ದೇಶಗಳ ನಡುವೆ ಒಂದೇ ರೀತಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಕ್ಯೂ13 ಮಾರ್ಗಸೂಚಿ ಇದೇ ವಿಷಯದ ಮೇಲೆ ಅಂತಿಮವಾಯಿತು. ಗುರಾಬೊ ಆದ ಮೇಲೆ ಲಿಲ್ಲಿಯ ವರ್ಜೀನಿಯೊ, ವರ್ಟೆಕ್ಸ್‌ನ ಸಿಮ್‌ಡೆಕೊ, ಫೈಜರ್‌ನ ಡೌರಿಸ್ಮೊ ಈ ದಾರಿಯಲ್ಲೇ ಬಂದವು. ಎಲ್ಲವೂ ದುಬಾರಿ ಹೊಸ ಔಷಧಿಗಳು ಎಂಬುದನ್ನು ಗಮನಿಸಬೇಕು.

ನಮ್ಮ ಕಡೆಗೆ ಬಂದರೆ

ಭಾರತದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಐಸಿಎಚ್‌ನಲ್ಲಿ ವೀಕ್ಷಕ ಸ್ಥಾನದಲ್ಲಿದೆ. ನಮ್ಮ ಜೆನೆರಿಕ್ ಪ್ಲಾಂಟ್‌ಗಳಿಗೆ ಕಂಟಿನ್ಯೂಯಸ್ ಕಷ್ಟ ಅನ್ನುವವರ ಮಾತಿನಲ್ಲಿ ಹುರುಳಿದೆ. ಒಂದೇ ಪ್ಲಾಂಟ್‌ನಲ್ಲಿ ಹತ್ತಾರು ಉತ್ಪನ್ನ, ಒಂದೊಂದನ್ನೂ ಸ್ವಲ್ಪ ದಿನ ಮಾತ್ರ ಮಾಡುವ ಚಿಕ್ಕ ಚಿಕ್ಕ ಕ್ಯಾಂಪೇನ್. ಪ್ರತಿ ಸಲವೂ ಎಲ್ಲ ಫೀಡರ್ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂರಿಸಿ, ಲೋಡ್ ಸೆಲ್ ಪರೀಕ್ಷಿಸಬೇಕು. ಉಳಿಸಿದ ಹೊತ್ತೆಲ್ಲ ಅಲ್ಲೇ ಹೋಗುತ್ತದೆ. ಬ್ಲೆಂಡರ್‌ನಲ್ಲಿ ಕೆಲಸ ಸರಿಯಾಗಿ ನಡೆಯುತ್ತಿರುವಾಗ ಅಷ್ಟು ದುಡ್ಡು ಯಾಕೆ ಹಾಕಬೇಕು ಎಂದು ಮಾಲೀಕರು ಕೇಳುವುದು ಸಹಜ.

ಆದರೆ ಒಂದೇ ಮಾತ್ರೆಯನ್ನು ವರ್ಷವಿಡೀ ಮಾಡುವ ಕಡೆ ಈ ವಾದ ನಿಲ್ಲುವುದಿಲ್ಲ. ಎಚ್‌ಐವಿ ಔಷಧಿ ಕೊಡುವ ಕರ್ನಾಟಕದ ಎಆರ್‌ಟಿ ಕೇಂದ್ರಗಳೂ ಸೇರಿ ದೇಶದಲ್ಲೆಲ್ಲ ಮೊದಲ ಹಂತದಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯನ್ನೇ ನೋಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಭಾರತದ ಕಂಪನಿಗಳು ಇದನ್ನು ಆಫ್ರಿಕಾಕ್ಕೂ ಕಳಿಸುತ್ತವೆ. ಬೇಡಿಕೆ ನಿಲ್ಲುವುದಿಲ್ಲ, ಫಾರ್ಮುಲಾ ಬದಲಾಗುವುದಿಲ್ಲ. ಕಂಟಿನ್ಯೂಯಸ್ ಲೈನ್‌ಗೆ ಬೇಕಾದದ್ದು ಇಂಥ ಮಾತ್ರೆಯೇ. ಗುರಾಬೊದ ಕೆಲಸದ ನಿಜವಾದ ಮುಂದುವರಿಕೆ ಇಲ್ಲಿ ಆಗಬೇಕು ಎಂದು ನನಗೆ ತುಂಬಾ ಆಸೆ.

ಹಾಗೆ ಶುರು ಮಾಡುವವರು ಟೆನೊಫೊವಿರ್‌ನಿಂದ ಶುರು ಮಾಡಬಾರದು. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ದೊಡ್ಡ ಪಾಲಿನವು, ತಪ್ಪನ್ನು ಒಂದಿಷ್ಟು ತಾವೇ ಹೊತ್ತುಕೊಳ್ಳುತ್ತವೆ. ಡೊಲುಟೆಗ್ರಾವಿರ್ ಹಾಗಲ್ಲ. ಮಾತ್ರೆ 1.2 ಗ್ರಾಂ ಅಂದುಕೊಂಡರೆ ಅದರ ಪಾಲು ಶೇ 4ರ ಹತ್ತಿರ. ಅದರ ಫೀಡರ್ ಶೇ 5 ತಪ್ಪಿದರೆ ಮಾತ್ರೆಯಲ್ಲಿ ಶೇ 4.8 ತಪ್ಪು, ಹೆಚ್ಚುಕಮ್ಮಿ ಪೂರ್ತಿ. ಲೈನ್ ಕೊಳ್ಳುವ ಮೊದಲೇ ಆ ಒಂದು ಪೌಡರ್ ತೆಗೆದುಕೊಂಡು ಫೀಡರ್ ಮಾರುವವರ ಟ್ರಯಲ್ ಕೋಣೆಗೆ ಹೋಗಿ. ಪೌಡರ್ ನಮ್ಮದೇ, ಆದರೆ ಎರಡು ಬೇರೆ ಬೇರೆ ಲಾಟ್‌ಗಳದ್ದು. ಬಾಯಿ ಕೆಳಗೆ ನಮ್ಮದೇ ತಕ್ಕಡಿ. ಕಡಿಮೆ ಎಂದರೆ 10 ರೀಫಿಲ್ ಆಗುವವರೆಗೆ ಓಡಿಸಿ. ನಿಮಿಷದ ಸರಾಸರಿ ಬೇಡ, ಸೆಕೆಂಡಿನ ಅಂಕಿಗಳನ್ನು ಕೇಳಿ ತನ್ನಿ.